ಪಾಡ್‌ಕಾಸ್ಟಿಗೆ ಮೈಕ್, ಮಂಡ್ಯ ಸೀಮೆಯ ಮಾತು: ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಒಂದು ಸಂಶೋಧನಾ ಟಿಪ್ಪಣಿ

ಪಾಡ್‌ಕಾಸ್ಟ್ ಶುರು ಮಾಡಬೇಕೆನ್ನುವವರು ಮೊದಲು ಕೇಳುವುದು ಮೈಕಿನ ಹೆಸರನ್ನು. ಅದಕ್ಕೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಕಾರ್ಪೆಟ್ ಹಾಸಿದ, ಕಿಟಕಿ ಮುಚ್ಚಿದ, ಫ್ಯಾನ್ ತಿರುಗದ ಯಾವುದೋ ದೂರದ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಈ ಟಿಪ್ಪಣಿ ಹಿಡಿದಿರುವ ನೆಲ ಬೇರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಯಾವುದಾದರೂ ಒಂದು ಊರಿನಲ್ಲಿ ಕೂತು, ಅಲ್ಲಿನವರ ಮಾತನ್ನೂ ಪದವನ್ನೂ ಮುದ್ರಿಸಿ ನಾಲ್ಕು ಜನಕ್ಕೆ ಕೇಳಿಸಬೇಕೆನ್ನುವ ಹೊಸಬರು ಯಾವ ಮೈಕ್ ತೆಗೆದುಕೊಳ್ಳಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಲೆಕ್ಕ ಬೇಕಾದ ಕಡೆ ಧ್ವನಿಶಾಸ್ತ್ರದ ಸಾಮಾನ್ಯ ಸೂತ್ರಗಳನ್ನೂ ತಯಾರಕರು ಪ್ರಕಟಿಸಿರುವ ಅಳತೆಗಳನ್ನೂ ಬಳಸಿದ್ದೇನೆ. ಎದುರಿಗಿರುವ ಮೈಕ್ ಯಾವುದು ಎಂಬುದನ್ನು ನೋಡಿ ಜನ ತಾವಾಡುವ ಮಾತಿನ ಬಗೆಯನ್ನೇ ಬದಲಿಸುತ್ತಾರೆ. ಆದ್ದರಿಂದ ಆಯ್ಕೆಯೂ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಮೊದಲು ಇಲ್ಲಿನ ಸದ್ದುಗಳ ವಿಚಾರ. ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ; ಕೋಟೆಯ ಮಗ್ಗುಲಲ್ಲೇ ಬೆಂಗಳೂರು–ಮೈಸೂರು ರೈಲುಹಾದಿ ಇದೆ, ಊರ ಹೊರಗೆ ಹೊಸ ಹೆದ್ದಾರಿ ಇದೆ. ಪಾಂಡವಪುರ ಮತ್ತು ಕೆ.ಆರ್. ಪೇಟೆ ಕಡೆ ಕಬ್ಬಿನ ಕಾಲ ಬಂತೆಂದರೆ ಆಲೆಮನೆಯ ಗಾಣ ಬಿಡುವಿಲ್ಲದೆ ತಿರುಗುತ್ತದೆ. ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಸಿನಿಮಾ ಹಾಡನ್ನು ಊರಿಗೆಲ್ಲ ಕೇಳಿಸುತ್ತ ಹೋಗುತ್ತವೆ. ಮೈಸೂರು–ಹಾಸನ ರೈಲು ಅಕ್ಕಿಹೆಬ್ಬಾಳು, ಮಂದಗೆರೆಗಳ ಮೇಲೆ ಹಾದುಹೋಗುತ್ತದೆ. ನಾಲೆ ನೀರಿನ ಗದ್ದೆಗಳಲ್ಲಿ ಮಳೆಗಾಲದ ರಾತ್ರಿ ಕಪ್ಪೆ, ಜೀರುಂಡೆ. ನಾಗಮಂಗಲ ಒಣಸೀಮೆ. ಅಲ್ಲಿ ಬಯಲ ಗಾಳಿಯೇ ದೊಡ್ಡ ತೊಡಕು, ಆದಿಚುಂಚನಗಿರಿಯ ಆಸುಪಾಸಿನಲ್ಲಿ ನವಿಲಿನ ಕೂಗು, ಬೆಳ್ಳೂರು ಕ್ರಾಸಿನಲ್ಲಿ ಮಂಗಳೂರು ಹೆದ್ದಾರಿಯ ಲಾರಿಗಳು.

ಇವುಗಳಲ್ಲಿ ಎಲ್ಲವೂ ಒಂದೇ ಬಗೆಯ ಶತ್ರುವಲ್ಲ. ಗಾಣದ ಮೋಟಾರು, ಲಾರಿಯ ಎಂಜಿನ್ನು, ಗಾಳಿಯ ಹೊಡೆತ ಇವೆಲ್ಲದರ ಶಕ್ತಿ ಹೆಚ್ಚಾಗಿ ಕೆಳಗಿನ ಕಂಪನಗಳಲ್ಲಿದೆ. ಗಂಡಸಿನ ದನಿಯ ಮೂಲಕಂಪನ ಸುಮಾರು 100ರಿಂದ 120 ಹರ್ಟ್ಜ್, ಹೆಂಗಸಿನದು 200ರ ಆಸುಪಾಸು. ಹಾಗಾಗಿ 80 ಹರ್ಟ್ಜಿನ ಕೆಳಗಿನದನ್ನು ಕತ್ತರಿಸಿ ಹಾಕಿದರೆ ಮಾತಿಗೆ ಏನೂ ಆಗದೆ ಆ ಗುಡುಗುಡು ಎಷ್ಟೋ ಇಳಿಯುತ್ತದೆ. ಜೀರುಂಡೆ ಹಾಗಲ್ಲ. ಅದರ ಕಿರ್ರೆನ್ನುವ ಸದ್ದು ಬೀಳುವುದು ನಾಲ್ಕೈದು ಸಾವಿರ ಹರ್ಟ್ಜಿನಲ್ಲಿ, ಅಂದರೆ ನಮ್ಮ ಸ, ಶ, ಚಗಳ ಹತ್ತಿರದಲ್ಲೇ. ಅದನ್ನು ಕತ್ತರಿಸಹೊರಟರೆ ಮಾತಿನ ಅಂಚೂ ಹೋಗುತ್ತದೆ. ರಾತ್ರಿ ನಿಶ್ಶಬ್ದವಾಗಿರುತ್ತದೆಂದು ನಂಬಿ ಗದ್ದೆ ಬಯಲಿನ ಮನೆಯಲ್ಲಿ ಊಟವಾದ ಮೇಲೆ ಮುದ್ರಣಕ್ಕೆ ಕೂರುವವರು ಇದನ್ನು ಗಮನಿಸಬೇಕು. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ದನ ಬಿಡುವ ಮುಂಚೆ, ಊರು ಹೆಚ್ಚು ಮೌನವಾಗಿರುತ್ತದೆ.

ಈ ಸೀಮೆಗೆ ಧ್ವನಿಮುದ್ರಣದ ಹಳೆಯ ಪರಂಪರೆಯೇ ಇದೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಆಡಳಿತಾಧಿಕಾರಿಯಾಗಿದ್ದವರು. ಹಳ್ಳಿಗಳ ಹಾಡುಗಾರರ ದನಿಯನ್ನು ಟೇಪಿಗೆ ತುಂಬಿಸಿ, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಅದೇ ತಾಲ್ಲೂಕಿನ ಜೀ.ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಮೂಡಲಪಾಯ ಯಕ್ಷಗಾನ ವಿದ್ವಾಂಸರ ಗಮನಕ್ಕೆ ಬಂದುದರಲ್ಲಿ ಅವರ ಪಾಲು ದೊಡ್ಡದು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ, ನಾಗೇಗೌಡರು ಹುಟ್ಟಿದ ವರ್ಷವೇ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಕವನಗಳು ಪುಸ್ತಕದಿಂದ ಕ್ಯಾಸೆಟ್ಟಿಗೆ ದಾಟಿ ಮನೆಮನೆ ಸೇರಿದವು. ಮೇಲುಕೋಟೆಯ ಪು.ತಿ.ನ. ಗೀತನಾಟಕ ಬರೆದು ಅದಕ್ಕೆ ರಾಗವನ್ನೂ ತಾವೇ ಹೊಂದಿಸುತ್ತಿದ್ದ ಕವಿ. ಶ್ರೀರಂಗಪಟ್ಟಣದಿಂದ ಕೂಗಳತೆಯಲ್ಲಿರುವ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಸಣ್ಣದೊಂದು ಪ್ರಸಾರಯಂತ್ರ ಇಟ್ಟುಕೊಂಡು ಬಾನುಲಿ ಆರಂಭಿಸಿದ್ದರು. ಮನೆಯ ಕೋಣೆಯಲ್ಲಿ ಕೂತು ಲೋಕಕ್ಕೆ ಮಾತಾಡುವುದು ನಮ್ಮ ಕಡೆಗೆ ಹೊಸದೇನೂ ಅಲ್ಲ.

ಟೇಪ್‌ರೆಕಾರ್ಡರಿನ ಕಾಲದ ಒಂದು ತೊಂದರೆಯನ್ನು ಇಲ್ಲಿ ನೆನೆಯಬೇಕು, ಮುಂದೆ ಬೇಕಾಗುತ್ತದೆ. ಕ್ಯಾಸೆಟ್ ಯಂತ್ರಗಳ ಒಳಗಿನ ಮೈಕಿನ ಜೊತೆ ತಾನೇ ಮಟ್ಟ ಸರಿಪಡಿಸಿಕೊಳ್ಳುವ ಏರ್ಪಾಡು ಇರುತ್ತಿತ್ತು. ಹಾಡುವಾಕೆ ಉಸಿರು ತೆಗೆದುಕೊಳ್ಳಲು ನಿಂತರೆ ಯಂತ್ರ ಮಟ್ಟ ಏರಿಸುತ್ತಿತ್ತು. ಆ ಬಿಡುವಿನಲ್ಲಿ ಹಿಂದಿನ ಕೋಳಿ, ಮಗು, ಯಂತ್ರದ ಮೋಟಾರು ಎಲ್ಲವೂ ಮೇಲೆದ್ದು ಬರುತ್ತಿದ್ದವು. ಈಗಿನ ಮೊಬೈಲು ಇದೇ ಕೆಲಸವನ್ನು ಇನ್ನೂ ಜಾಣತನದಿಂದ, ಆದ್ದರಿಂದ ಇನ್ನೂ ಅಪಾಯಕರವಾಗಿ ಮಾಡುತ್ತದೆ.

ಗೇಣಿನ ಲೆಕ್ಕ

ಮೈಕಿನ ಬೆಲೆಗಿಂತ ಬಾಯಿಗೂ ಮೈಕಿಗೂ ಇರುವ ದೂರ ಹೆಚ್ಚು ಮುಖ್ಯ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಮುಖ್ಯ ಎಂದು ಲೆಕ್ಕ ಹಾಕಿ ನೋಡಬಹುದು. ಸಾಧಾರಣ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಅರ್ಧವಾದಾಗಲೆಲ್ಲ ಅದು 6 ಡೆಸಿಬೆಲ್ ಏರುತ್ತದೆ. ನಮ್ಮ ಹಳೆಯ ಅಳತೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ಏಕೆಂದರೆ ಎರಡು ಗೇಣು ಒಂದು ಮೊಳ. ಎರಡು ಮೊಳ ದೂರದಲ್ಲಿ ಮಾತು 61 ಡೆಸಿಬೆಲ್, ಒಂದು ಮೊಳದಲ್ಲಿ 67, ಒಂದು ಗೇಣಿನಲ್ಲಿ 73, ಅರ್ಧ ಗೇಣಿನಲ್ಲಿ 79. ಕೋಣೆಯಲ್ಲಿ ಸೀಲಿಂಗ್ ಫ್ಯಾನಿನ ಸದ್ದು 45 ಡೆಸಿಬೆಲ್ ಎಂದು ಇಟ್ಟುಕೊಳ್ಳಿ. ಮೇಜಿನ ಆಚೆ ಎರಡು ಮೊಳ ದೂರದಲ್ಲಿ ಮೈಕ್ ಇಟ್ಟರೆ ಮಾತಿಗೂ ಫ್ಯಾನಿಗೂ ಇರುವ ಅಂತರ ಬರೀ 16. ಅರ್ಧ ಗೇಣಿಗೆ ತಂದರೆ 34. ಇದಕ್ಕೆ ಖರ್ಚಾದದ್ದು ಏನೂ ಇಲ್ಲ.

ಇದರ ಪಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಲಾಭವನ್ನು ಇಟ್ಟು ನೋಡಿ. ಎದುರಿನ ಸದ್ದನ್ನು ಹೆಚ್ಚಾಗಿ, ಹಿಂದಿನದನ್ನು ಕಡಿಮೆಯಾಗಿ ಹಿಡಿಯುವ ಮೈಕಿಗೆ ಕಾರ್ಡಿಯಾಯ್ಡ್ ಎಂದು ಹೆಸರು. ಎಲ್ಲ ದಿಕ್ಕಿನಿಂದಲೂ ಸಮನಾಗಿ ಹಿಡಿಯುವ ಮೈಕಿಗೆ ಹೋಲಿಸಿದರೆ, ಸುತ್ತಲಿಂದ ಬರುವ ಗದ್ದಲವನ್ನು ಅದು ಇಳಿಸುವುದು 5 ಡೆಸಿಬೆಲ್‌ನಷ್ಟು. ಒಂದು ಮೊಳದಿಂದ ಅರ್ಧ ಗೇಣಿಗೆ ಸರಿದರೆ ಸಿಗುವುದು 12.

ಇಲ್ಲಿ ಬಹಳ ಜನ ನಂಬಿರುವ ಒಂದು ಮಾತನ್ನು ಒರೆಗೆ ಹಚ್ಚಬೇಕು. ಡೈನಮಿಕ್ ಮೈಕ್ ಹಿಂದಿನ ಗದ್ದಲವನ್ನು ಎಳೆದುಕೊಳ್ಳುವುದಿಲ್ಲ, ಕಂಡೆನ್ಸರ್ ಮೈಕ್ ಎಲ್ಲವನ್ನೂ ಎಳೆದುಕೊಳ್ಳುತ್ತದೆ ಎನ್ನುತ್ತಾರೆ. ಡೈನಮಿಕ್ ಮೈಕಿನಲ್ಲಿ ಸದ್ದಿಗೆ ಅಲುಗುವ ತೆಳು ಹಾಳೆಗೆ ತಂತಿಯ ಸುರುಳಿ ಅಂಟಿರುತ್ತದೆ, ಅದು ಅಯಸ್ಕಾಂತದ ನಡುವೆ ಆಡಿ ವಿದ್ಯುತ್ ಹುಟ್ಟಿಸುತ್ತದೆ. ಕಂಡೆನ್ಸರಿನಲ್ಲಿ ಲೋಹ ಲೇಪಿಸಿದ ಹಗುರ ಹಾಳೆ ಇನ್ನೊಂದು ತಟ್ಟೆಯ ಎದುರು ಅಲುಗುತ್ತದೆ, ಅದಕ್ಕೆ ಹೊರಗಿನಿಂದ ವಿದ್ಯುತ್ ಬೇಕು. ಎರಡರ ಹಿಡಿತದ ಆಕಾರ ಒಂದೇ ಆಗಿ, ದೂರವೂ ಒಂದೇ ಆಗಿದ್ದರೆ, ಮಾತಿಗೂ ಫ್ಯಾನಿಗೂ ಇರುವ ಅಂತರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಹುಟ್ಟುವ ವಿದ್ಯುತ್ತಿನಲ್ಲಿ. ಅರ್ಧ ಗೇಣು ದೂರದ ಮಾತಿಗೆ ಶೂರ್ ಎಸ್‌ಎಂ58 ಕೊಡುವುದು ಒಂದು ಮಿಲಿವೋಲ್ಟಿನ ಮೂರನೇ ಒಂದು ಭಾಗ. ರೋಡ್ ಎನ್‌ಟಿ1-ಎ ತರಹದ ದೊಡ್ಡ ಕಂಡೆನ್ಸರ್ ಕೊಡುವುದು ನಾಲ್ಕು ಮಿಲಿವೋಲ್ಟಿಗೂ ಮಿಕ್ಕಿ. ಡೈನಮಿಕ್ ಮೈಕಿಗೆ ದೂರ ಕೂತರೆ ದನಿಯೇ ಸಾಲದು, ಹಾಗಾಗಿ ಮನುಷ್ಯ ತಾನಾಗಿ ಹತ್ತಿರ ಬರುತ್ತಾನೆ. ಕಂಡೆನ್ಸರ್ ಎದುರಿಗಿದ್ದರೆ ಒರಗಿ ಕೂತರೂ ದನಿ ಬರುತ್ತದೆ, ಜೊತೆಗೆ ಕೋಣೆಯೂ ಬರುತ್ತದೆ. ಡೈನಮಿಕ್ ಮೈಕಿನ ಗುಣವೆಂದು ನಾವು ಹೊಗಳುವುದು ಬಹುಮಟ್ಟಿಗೆ ಅದು ನಮಗೆ ಕಲಿಸುವ ಶಿಸ್ತನ್ನು.

ಕೋಣೆಯ ವಿಚಾರಕ್ಕೂ ಒಂದು ಲೆಕ್ಕ ಬೇಕು. ಹೊಸ ಆರ್‌ಸಿಸಿ ಮನೆಯ ಹತ್ತು ಅಡಿಗೆ ಹತ್ತು ಅಡಿಯ ಖಾಲಿ ಕೋಣೆ, ಎತ್ತರವೂ ಹತ್ತು ಅಡಿ, ಗೋಡೆಗೆ ಸಿಮೆಂಟ್ ಗಾರೆ, ನೆಲಕ್ಕೆ ಟೈಲ್ಸ್. ಇಂಥ ಮೈ ಬಿದ್ದ ಸದ್ದಿನ ನೂರಕ್ಕೆ ಮೂರು ಪಾಲನ್ನು ಹೀರುತ್ತದೆಂದು ಹಿಡಿದರೆ, ಸೇಬೈನ್ ಸೂತ್ರದ ಪ್ರಕಾರ ಅಲ್ಲಿ ಸದ್ದು ಅಡಗಲು ಎರಡೂವರೆ ಸೆಕೆಂಡಿಗಿಂತ ಹೆಚ್ಚು ಬೇಕು. ಅದು ಕಲ್ಯಾಣಮಂಟಪದ ದನಿ. ಅದೇ ಕೋಣೆಯಲ್ಲಿ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಮೂರು ದಪ್ಪ ಕಂಬಳಿ ತೂಗುಹಾಕಿ, ಅವು ತಮ್ಮ ಮೇಲೆ ಬಿದ್ದುದರಲ್ಲಿ ಅರ್ಧ ಹೀರುತ್ತವೆಂದು ಇಟ್ಟುಕೊಂಡರೆ, ಹತ್ತು ಚದರ ಮೀಟರಿನ ಕಂಬಳಿಗೆ ಕಾಲ 0.7 ಸೆಕೆಂಡಿಗೆ ಇಳಿಯುತ್ತದೆ. ಕೆಳಗಿನ ಗುಮ್ಮೆನ್ನುವ ದನಿಯನ್ನು ಕಂಬಳಿ ಅಷ್ಟಾಗಿ ಹೀರುವುದಿಲ್ಲ ನಿಜ, ಆದರೂ ಮಾತು ಮಾತಾಗಿ ಕೇಳತೊಡಗುತ್ತದೆ. ವಾಲೆಸ್ ಸೇಬೈನ್ 1890ರ ದಶಕದಲ್ಲಿ ಹಾರ್ವರ್ಡಿನ ಉಪನ್ಯಾಸ ಕೊಠಡಿಯೊಂದಕ್ಕೆ ರಾತ್ರಿ ಹೊತ್ತು ಆಸನದ ಮೆತ್ತೆಗಳನ್ನು ಹೊತ್ತು ತಂದು ಹಾಕಿ ತೆಗೆದು ಅಳೆದೇ ಈ ಸೂತ್ರ ಕಂಡುಕೊಂಡದ್ದು. ನಮ್ಮಲ್ಲಿ ಆ ಕೆಲಸಕ್ಕೆ ರಾಗಿ ಚೀಲ, ಭತ್ತದ ಮೂಟೆ ಪೇರಿಸಿದ ಹಳೆ ಹೆಂಚಿನ ಮನೆಯ ಒಳಕೋಣೆ ಸಾಕು. ಸ್ಟುಡಿಯೊ ಎಂದು ಕರೆದು ಬಾಡಿಗೆಗೆ ಕೊಡುವ ಎಷ್ಟೋ ಗಾಜಿನ ಕೋಣೆಗಳಿಗಿಂತ ಅದು ಮೇಲು. ಶ್ರೀರಂಗಪಟ್ಟಣದ ಗುಂಬಜಿನ ಒಳಗೆ, ಹೊಸಹೊಳಲಿನ ದೇವಾಲಯದ ಅಥವಾ ನಾಗಮಂಗಲದ ಸೌಮ್ಯಕೇಶವ ದೇವಾಲಯದ ನವರಂಗದಲ್ಲಿ ಸಂದರ್ಶನ ಮಾಡುವ ಆಸೆಯನ್ನಂತೂ ಬಿಡಬೇಕು. ಕಲ್ಲು ಮಾತನ್ನು ಹೀರುವುದಿಲ್ಲ, ಹಿಂದಕ್ಕೆ ಕೊಡುತ್ತದೆ.

ಕೈಯಲ್ಲಿ ಹಿಡಿದ ಮೈಕ್, ಎದೆಗೆ ಸಿಕ್ಕಿಸಿದ ಮೈಕ್

ಈವರೆಗಿನ ಲೆಕ್ಕ ಒಪ್ಪಿದರೆ ಉತ್ತರ ಸುಲಭ ಎನ್ನಿಸುತ್ತದೆ: ಎಸ್‌ಎಂ58 ತರಹದ ಒಂದು ಡೈನಮಿಕ್ ಮೈಕ್ ಕೊಂಡು ಅರ್ಧ ಗೇಣಿನಲ್ಲಿ ಹಿಡಿಸಿ ಮಾತಾಡಿಸಿ. 1966ರಿಂದ ಅದೇ ರೂಪದಲ್ಲಿ ಬರುತ್ತಿರುವ, ಬಿದ್ದರೂ ಎದ್ದರೂ ಕೆಡದ ಮೈಕ್ ಅದು. ಆದರೆ ಮಂಡ್ಯ ಸೀಮೆಯಲ್ಲಿ ಕೈಮೈಕ್ ಎಂದರೆ ಸಭೆ. ಶಾಮಿಯಾನ, ಅಹುಜಾ ಮೈಕ್‌ಸೆಟ್ಟು, ಉಫ್ ಉಫ್ ಎಂದು ಊದಿ ಪರೀಕ್ಷೆ ಮಾಡುವುದು, ಆಮೇಲೆ ವೇದಿಕೆಯ ಮೇಲಿನ ಗಣ್ಯರಿಗೆ ನಮಸ್ಕಾರ. ಜಗಲಿಯ ಮೇಲೆ ಕೂತು ತೊಣ್ಣೂರು ಕೆರೆಯ ಏರಿಯ ವಿಚಾರವನ್ನೋ ಹಳೆಯ ಬರಗಾಲದ ವಿಚಾರವನ್ನೋ ಸೊಗಸಾಗಿ ಹೇಳುತ್ತಿದ್ದ ಹಿರಿಯರ ಕೈಗೆ ಆ ಮೈಕ್ ಕೊಟ್ಟು ನೋಡಿ. ಬೆನ್ನು ನೆಟ್ಟಗಾಗುತ್ತದೆ, ದನಿ ಏರುತ್ತದೆ, 'ಏನಪ್ಪಾ ಅಂದ್ರೆ' ಹೋಗಿ 'ಈ ಸಂದರ್ಭದಲ್ಲಿ ಹೇಳಬಯಸುತ್ತೇನೆ' ಬರುತ್ತದೆ. ಯಾವ ಮಾತಿಗಾಗಿ ಹೋಗಿದ್ದೆವೋ ಆ ಮಾತು ಸಿಗುವುದಿಲ್ಲ. ದನಿ ಮಾತ್ರ ಸ್ಪಷ್ಟವಾಗಿ ಬಂದಿರುತ್ತದೆ.

ಹಳ್ಳಿಯ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡಿದವರದು ಇನ್ನೊಂದು ಕಥೆ. ಕುರುಕ್ಷೇತ್ರ ಆಡದ ಊರು ಈ ಕಡೆ ಹುಡುಕಬೇಕು. ರಂಗದ ಮೇಲಿಂದ ಇಳಿಬಿಟ್ಟ ಮೈಕಿನ ಕೆಳಗೆ ಬಂದು ನಿಂತು, ಪೇಟಿ ಮಾಸ್ತರರ ಶ್ರುತಿಗೆ ಎದೆ ತುಂಬಿ ಹಾಡಿದ ದುರ್ಯೋಧನ ನಿಮ್ಮ ಮನೆಯ ಕೋಣೆಯಲ್ಲೂ ಅದೇ ಎದೆಯಿಂದಲೇ ಹಾಡುತ್ತಾನೆ. ಅಂಥ ದನಿ ಹತ್ತಿರದಿಂದ ಬಂದರೆ ಮೊಬೈಲಿನ ಮೈಕೂ ಅಗ್ಗದ ಕಂಡೆನ್ಸರೂ ಒಡೆದು ಕರಕರ ಎನ್ನುತ್ತವೆ. ಅಲ್ಲಿ ಡೈನಮಿಕ್ ಮೈಕಿಗೆ ಸಾಟಿಯಿಲ್ಲ. ಒಂದು ಗೇಣು ದೂರ ಹಿಡಿದರೂ ದನಿಗೆ ಕೊರತೆಯಾಗದು.

ಮಾತುಕತೆಗೆ ಮಾತ್ರ ನನ್ನ ಒಲವು ಕಾಲರ್ ಮೈಕಿನ ಕಡೆಗೆ, ಅದರಲ್ಲೂ ವೈರ್ ಇರುವುದರ ಕಡೆಗೆ. ಬೋಯಾ ಬಿವೈ-ಎಂ1 ತರಹದ, ಸಾವಿರ ರೂಪಾಯಿಯ ಆಸುಪಾಸಿನ, ಆರು ಮೀಟರ್ ವೈರಿನ ಮೈಕುಗಳು ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಗಳವರೆಗೂ ಬಂದಿವೆ. ಇವು ಎಲ್ಲ ದಿಕ್ಕಿನಿಂದಲೂ ಹಿಡಿಯುವ ಬಗೆಯವು. ಕಾರ್ಡಿಯಾಯ್ಡಿನ 5 ಡೆಸಿಬೆಲ್ ಲಾಭ ಇಲ್ಲಿಲ್ಲ. ಗದ್ದಲ ಸ್ವಲ್ಪ ಹೆಚ್ಚೇ. ಆದರೆ ಮೈಕ್ ಯಾವಾಗಲೂ ಬಾಯಿಂದ ಒಂದು ಗೇಣಿನೊಳಗೇ ಇರುತ್ತದೆ, ತಲೆ ಆಡಿಸಿದರೂ ಮಟ್ಟ ಅಷ್ಟಾಗಿ ಬದಲಾಗದು, ಐದು ನಿಮಿಷದಲ್ಲಿ ಹೇಳುವವರು ಅದನ್ನು ಮರೆತುಬಿಡುತ್ತಾರೆ. ಆ ಮರೆವಿಗೆ ಕೆಲವು ಡೆಸಿಬೆಲ್ ತೆರುವುದು ದುಬಾರಿಯಲ್ಲ. ಸೆರಗಿಗೆ ಸಿಕ್ಕಿಸುವಾಗ ತಾಳಿಸರ ಉಜ್ಜದಂತೆ ನೋಡಬೇಕು. ರೇಷ್ಮೆ ಸೀರೆಯ ಸರಸರಕ್ಕಿಂತ ಹತ್ತಿ ಸೀರೆ ಮೇಲು. ಆದರೆ ಮೈಕಿನ ಸಲುವಾಗಿ ಸೀರೆ ಬದಲಿಸಿ ಎಂದು ಯಾರನ್ನೂ ಕೇಳಬಾರದು. ಗಂಡಸರ ಹೆಗಲ ಟವಲು ದೊಡ್ಡ ತೊಡಕು, ಅದನ್ನು ಪಕ್ಕಕ್ಕಿಡಿಸಬಹುದು. ಒಂದೇ ವೈರಿಗೆ ಎರಡು ಮೈಕ್ ಇರುವ ಜೋಡಿಗಳಲ್ಲಿ ಇಬ್ಬರ ದನಿಯೂ ಬೆರೆತು ಒಂದೇ ಆಗುತ್ತದೆ. ಒಬ್ಬರು ಕೆಮ್ಮಿದರೆ ಇನ್ನೊಬ್ಬರ ಮಾತೂ ಹಾಳು. ಬೇರೆಬೇರೆ ಚಾನಲ್ಲಿಗೆ ಮುದ್ರಿಸುವುದೇ ಕ್ಷೇಮ.

ಬ್ಲೂ ಯೇತಿಯಂಥ ಮೇಜಿನ ಯುಎಸ್‌ಬಿ ಕಂಡೆನ್ಸರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೋಡಲು ಗಂಭೀರ, ಕಂಬಳಿ ಇಲ್ಲದ ಕೋಣೆಯಲ್ಲಿ ಕಷ್ಟ. ಒಬ್ಬರೇ ಕೂತು ಮಾತಾಡುವ ಪಾಡ್‌ಕಾಸ್ಟಿಗೆ ಅದಕ್ಕಿಂತ ಸ್ಯಾಮ್ಸನ್ ಕ್ಯೂ2ಯು ಅಥವಾ ಆಡಿಯೊ-ಟೆಕ್ನಿಕಾ ಎಟಿಆರ್2100ಎಕ್ಸ್ ವಾಸಿ. ಎರಡೂ ಡೈನಮಿಕ್, ಇವತ್ತು ಯುಎಸ್‌ಬಿ ವೈರಿನಲ್ಲಿ ನೇರ ಕಂಪ್ಯೂಟರಿಗೆ ಹಾಕಬಹುದು, ನಾಳೆ ದುಡ್ಡು ಬಂದಾಗ ಎಕ್ಸ್‌ಎಲ್‌ಆರ್ ವೈರಿನಲ್ಲಿ, ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಇಂಟರ್‌ಫೇಸಿಗೂ ಹಾಕಬಹುದು. ಜಗತ್ತಿನ ಪಾಡ್‌ಕಾಸ್ಟ್ ವಿಡಿಯೊಗಳಲ್ಲೆಲ್ಲ ಕಾಣುವ ಶೂರ್ ಎಸ್‌ಎಂ7ಬಿ ಕೊಡುವ ವಿದ್ಯುತ್ತು ಎಸ್‌ಎಂ58ಗಿಂತಲೂ ಕಡಿಮೆ. ಅದಕ್ಕೆ ತಕ್ಕ ಒಳ್ಳೆಯ ಆಂಪ್ಲಿಫೈಯರ್ ಇಲ್ಲದಿದ್ದರೆ ಸುಂಯ್ ಎನ್ನುವ ಸದ್ದೇ ಜಾಸ್ತಿ. ಮೊದಲ ಮೈಕಾಗಿ ಅದನ್ನು ಕೊಳ್ಳುವುದು ದುಂದು.

ಮೈಕ್‌ಸೆಟ್ ಅಂಗಡಿಯಿಂದ ಹಳೆಯ ಕೈಮೈಕ್ ಎರವಲು ತರುವವರೂ ಇದ್ದಾರೆ. ಮೈಕ್ ಕೆಟ್ಟದ್ದೇನಲ್ಲ. ತೊಂದರೆ ಇರುವುದು ಪಿ-38 ಪಿನ್ನಿನ ಉದ್ದ ವೈರಿನಲ್ಲಿ. ಅದು ಕರೆಂಟಿನ 50 ಹರ್ಟ್ಜ್ ಗುಂಯ್‌ಗುಟ್ಟುವಿಕೆಯನ್ನು ದಾರಿಯುದ್ದಕ್ಕೂ ಕುಡಿಯುತ್ತ ಬರುತ್ತದೆ. ವೈರ್ ಬದಲಿಸಿ, ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ನಡೆಸಿದರೆ ಅರ್ಧ ಕಾಟ ಹೋಗುತ್ತದೆ. ಹೊಸ ಎಸ್‌ಎಂ58 ಅರ್ಧ ಬೆಲೆಗೆ ಸಿಕ್ಕಿತೆಂದರೆ ಅದು ನಕಲಿ ಎಂದೇ ತಿಳಿಯಬೇಕು. ಪ್ರಪಂಚದಲ್ಲಿ ಅತಿ ಹೆಚ್ಚು ನಕಲಾಗುವ ಮೈಕುಗಳಲ್ಲಿ ಅದೂ ಒಂದು.

ತಂಬೂರಿಯನ್ನು ಗದ್ದಲವೆಂದು ತಿಳಿಯುವ ಯಂತ್ರ

ಹಾಡಿನ ವಿಚಾರಕ್ಕೆ ಬಂದರೆ ಮೇಲಿನ ಸಲಹೆಗಳಲ್ಲಿ ಹೆಚ್ಚಿನವು ತಲೆಕೆಳಗಾಗುತ್ತವೆ. ಸೋಬಾನೆ ಪದಕ್ಕೆ ಒಬ್ಬರು ಹೇಳಿಕೊಟ್ಟು ನಾಲ್ಕೈದು ಜನ ಸೊಲ್ಲು ಹಿಡಿಯುತ್ತಾರೆ. ಕೈಮೈಕನ್ನು ಹೇಳಿಕೊಡುವಾಕೆಯ ಬಾಯಿಗಿಟ್ಟರೆ ಮಿಕ್ಕವರು ಪಕ್ಕದ ಮನೆಯಲ್ಲಿ ಹಾಡಿದ ಹಾಗೆ ಕೇಳುತ್ತದೆ. ಮೂಡಲಪಾಯದಲ್ಲಿ ಭಾಗವತರ ದನಿ, ಮುಖವೀಣೆ, ಮದ್ದಳೆ, ತಾಳ ಇವುಗಳ ನಡುವಣ ದೂರವೇ ಆಟದ ಸ್ವರೂಪ. ಅಲ್ಲಿ ಬೇಕಾದದ್ದು ಎರಡು ಸಣ್ಣ ಕಂಡೆನ್ಸರ್ ಮೈಕುಗಳು ಅಡ್ಡಡ್ಡ ಕೂತಿರುವ, ಬ್ಯಾಟರಿಯಲ್ಲಿ ನಡೆಯುವ ರೆಕಾರ್ಡರು. ಜೂಮ್ ಎಚ್1ಎನ್ ಇದಕ್ಕೆ ಸಾಮಾನ್ಯ ಉದಾಹರಣೆ. 2024ರಲ್ಲಿ ಬಂದ ಎಚ್1 ಎಸೆನ್ಷಿಯಲ್‌ನಲ್ಲಿ 32-ಬಿಟ್ ಫ್ಲೋಟ್ ಮುದ್ರಣವಿದೆ. ಮುಖವೀಣೆ ಒಮ್ಮೆಲೇ ಎದ್ದರೂ ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ) ತಪ್ಪಿಟ್ಟದ್ದರಿಂದ ಮುದ್ರಣ ಒಡೆಯುವ ಭಯ ಇಲ್ಲ. ಬಯಲಿನಲ್ಲಿ ಮೈಕಿಗೆ ತುಪ್ಪಳದ ಗವಸು ಹಾಕಲೇಬೇಕು. ಸ್ಪಂಜಿನ ಟೋಪಿ ನಾಗಮಂಗಲದ ಗಾಳಿಗೆ ಸಾಲದು.

ಇದಕ್ಕಿಂತ ಮುಖ್ಯವಾದ ಅಪಾಯ ಬೇರೆ ಇದೆ. ಮೊಬೈಲುಗಳಲ್ಲೂ ಅಗ್ಗದ ಎಷ್ಟೋ ವೈರ್‌ಲೆಸ್ ಕಾಲರ್ ಮೈಕುಗಳಲ್ಲೂ ಗದ್ದಲ ತೆಗೆಯುವ ಏರ್ಪಾಡು ತಾನಾಗಿ ನಡೆಯುತ್ತಿರುತ್ತದೆ. ಅದರ ತರ್ಕ ಸರಳ: ಏರಿಳಿಯುವುದು ಮಾತು, ಒಂದೇ ಸಮನೆ ಇರುವುದು ಗದ್ದಲ. ಫ್ಯಾನ್ ವಿಷಯದಲ್ಲಿ ಇದು ಸರಿ. ತತ್ವಪದ ಹಾಡುವವರ ತಂಬೂರಿಯೂ ಒಂದೇ ಸಮನೆ ಇರುತ್ತದೆ. ಯಂತ್ರ ಅದನ್ನು ಫ್ಯಾನಿನ ಸಾಲಿಗೆ ಸೇರಿಸಿ ತೆಗೆದುಹಾಕುತ್ತದೆ. ಹಾಡುಗಾರ ಉಸಿರು ಬಿಟ್ಟಾಗ ಶ್ರುತಿ ಮಾಯ, ಮತ್ತೆ ದನಿ ಎತ್ತಿದಾಗ ಅರ್ಧಂಬರ್ಧ ಪ್ರತ್ಯಕ್ಷ. ಹಾರ್ಮೋನಿಯಮ್ಮಿನ ಎಳೆದ ಸ್ವರಕ್ಕೂ ಇದೇ ಗತಿ. ಕ್ಯಾಸೆಟ್ ಯಂತ್ರ ಗದ್ದಲವನ್ನು ಎತ್ತಿ ತೋರಿಸುತ್ತಿತ್ತು, ಹಾಡನ್ನು ಅಳಿಸುತ್ತಿರಲಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಕೇಳಿ: ಈ ನಾಯ್ಸ್ ರಿಡಕ್ಷನ್ ಪೂರಾ ಆಫ್ ಮಾಡಲು ಬರುತ್ತದೆಯೇ? ಬರದಿದ್ದರೆ ಆ ಮೈಕ್ ಹಾಡಿಗೆ ಬೇಡ. ಮೊಬೈಲಿನಲ್ಲಾದರೆ ಗೇನನ್ನು ಕೈಯಲ್ಲೇ ಇಡಲು ಬಿಡುವ, ವೇವ್ ಕಡತವಾಗಿ ಉಳಿಸುವ ಆಪ್ ಬಳಸಬೇಕು.

ಮಾತಿಗೂ ಇದೇ ಎಚ್ಚರ ಬೇಕು. ಈ ತಾಲ್ಲೂಕುಗಳ ಆಡುಮಾತಿನಲ್ಲಿ ಪದದ ಮೊದಲಿನ ಹಕಾರ ಹಲವರಲ್ಲಿ ಬಿದ್ದುಹೋಗುತ್ತದೆ, ಕೆಲವರಲ್ಲಿ ತೆಳ್ಳಗೆ ಉಳಿದಿರುತ್ತದೆ. ಒಬ್ಬರೇ ಒಮ್ಮೆ ಹಾಗೂ ಇನ್ನೊಮ್ಮೆ ಹೀಗೂ ನುಡಿಯುವುದುಂಟು. ಶಕಾರ ಸಕಾರದ ಕಡೆ ವಾಲುತ್ತದೆ. ಪಕ್ಕದ ನಂಜನಗೂಡು ಸೀಮೆಯ ಒಕ್ಕಲಿಗರ ಕನ್ನಡವನ್ನು ಯು.ಪಿ. ಉಪಾಧ್ಯಾಯರು 1960ರ ದಶಕದಲ್ಲಿ ವಿವರಿಸಿದ್ದರು. ಮಂಡ್ಯದ ಈ ಭಾಗದ ಮಾತು ಅದಕ್ಕೆ ದೂರದ್ದಲ್ಲ. ಹಕಾರ ಎಂದರೆ ಬರಿಯ ಉಸಿರು, ಶಕ್ತಿ ತೀರ ಕಡಿಮೆ. ಗದ್ದಲ ತೆಗೆಯುವ ಯಂತ್ರ ಮೊದಲು ನುಂಗುವುದು ಅದನ್ನೇ. ಸ, ಶಗಳನ್ನು ಬೇರ್ಪಡಿಸುವ ಅಂಶ ಇರುವುದು ಮೂರು ಸಾವಿರ ಹರ್ಟ್ಜಿನಿಂದ ಮೇಲೆ. ಹಳೆಯ ಫೋನ್ ಸಾಲು 3400ಕ್ಕೆ ಕತ್ತರಿಸುತ್ತಿದ್ದುದರಿಂದಲೇ ಫೋನಿನಲ್ಲಿ ಹೆಸರು ಹೇಳುವಾಗ ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ಫೋನ್ ಕರೆಯನ್ನೇ ಮುದ್ರಿಸಿ ಪಾಡ್‌ಕಾಸ್ಟ್ ಮಾಡುವವರು ಕಳೆದುಕೊಳ್ಳುವುದು ಇದನ್ನೆಲ್ಲ. ನಾಳೆ ಈ ಭಾಗದ ಮಾತನ್ನು ಅಧ್ಯಯನ ಮಾಡುವವರಿಗೆ ಇವತ್ತಿನ ಪಾಡ್‌ಕಾಸ್ಟುಗಳೇ ಆಕರವಾಗಲಿವೆ. ಉಸಿರು ತೆಗೆದು ನಯಗೊಳಿಸಿದ ಮುದ್ರಣವನ್ನು ನಂಬಿ, ಇಲ್ಲಿ ಹಕಾರವೇ ಇರಲಿಲ್ಲ ಎಂದು ಯಾರಾದರೂ ಬರೆದರೆ ಅವರನ್ನು ದೂರುವ ಹಾಗಿಲ್ಲ.

ಪ, ಫ, ಬ, ಭಗಳ ಊದು ಮೈಕಿಗೆ ಬಡಿಯುವುದನ್ನು ತಡೆಯಲು ಪಾಪ್ ಫಿಲ್ಟರ್ ಇದ್ದರೆ ಒಳ್ಳೆಯದು. ಮೈಕನ್ನು ಬಾಯಿಯ ನೇರಕ್ಕಿಡದೆ ಕೆನ್ನೆಯ ಕಡೆಗೆ ಸ್ವಲ್ಪ ಓರೆಯಾಗಿಟ್ಟರೂ ಸಾಕು. ಕಂಡೆನ್ಸರನ್ನು ನದಿದಂಡೆಯ ತೇವಕ್ಕೆ ಬಿಟ್ಟರೆ ಚಟಪಟ ಎನ್ನತೊಡಗುತ್ತದೆ. ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಬೇಕು. ಮುದ್ರಣದ ಮಟ್ಟ ಗರಿಷ್ಠಕ್ಕಿಂತ 12 ಡೆಸಿಬೆಲ್ ಕೆಳಗೆ ಆಡುತ್ತಿರಲಿ.

ಹಾಗಾದರೆ ಕೊಳ್ಳುವ ಕ್ರಮ ಏನು? ಜನರನ್ನು ಮಾತಾಡಿಸುವ ಪಾಡ್‌ಕಾಸ್ಟಾದರೆ ಮೊದಲು ವೈರ್ ಇರುವ ಎರಡು ಕಾಲರ್ ಮೈಕ್, ಮೂರು ಕಂಬಳಿ. ಒಬ್ಬರೇ ಕಥೆ ಹೇಳುವುದಾದರೆ ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡೂ ಇರುವ ಒಂದು ಡೈನಮಿಕ್ ಮೈಕ್. ಹಾಡು, ಆಟ, ಕುಣಿತಗಳ ಬೆನ್ನುಹತ್ತುವವರು ಇವೆರಡನ್ನೂ ಬಿಟ್ಟು ನೇರ ಸ್ಟೀರಿಯೊ ರೆಕಾರ್ಡರಿಗೆ ದುಡ್ಡು ಹಾಕಲಿ. ದೊಡ್ಡ ಕಂಡೆನ್ಸರ್ ಮೈಕನ್ನು ಕೋಣೆ ಸಿದ್ಧವಾದ ಮೇಲೆ, ಬೇಕೆನ್ನಿಸಿದರೆ ಮಾತ್ರ ನೋಡಬಹುದು.

ಓದುಗರಲ್ಲಿ ಒಂದು ಕೋರಿಕೆ. ಪ್ರಸಾರಕ್ಕೆ ಎಷ್ಟು ಬೇಕಾದರೂ ತಿದ್ದಿ, ಕತ್ತರಿಸಿ. ಆದರೆ ತಿದ್ದದ ಮೂಲ ವೇವ್ ಕಡತವನ್ನು ಅಳಿಸಬೇಡಿ. ಅದರ ಜೊತೆ ಊರು, ತಾರೀಖು, ಹೇಳಿದವರ ಒಪ್ಪಿಗೆ, ಬಳಸಿದ ಮೈಕ್, ಇಟ್ಟ ದೂರ ಇಷ್ಟನ್ನು ಬರೆದಿಡಿ. ಒಂದು ಪ್ರತಿಯನ್ನು ಮಾತಾಡಿದವರ ಮನೆಗೂ ಕೊಡಿ.